ಆ ಹನ್ನೆರಡು ವರ್ಷ ಎಲ್ಲಿ ಹೋದವು?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಜಧಾನಿ ಸಾಂಟಾ ಫೆ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಸೂರಿನಿಂದ ಇಳಿಬಿದ್ದ ಕೆಂಪು ಮೆಣಸಿನಕಾಯಿ ಸರ, ಮಣ್ಣಿನ ಬಣ್ಣದ ಗೋಡೆ, ನೀಲಿ ಬಾಗಿಲು, ಊರು ಇರುವುದೇ ಹಾಗೆ. ತಕರಾರು ಇತಿಹಾಸದ ಪ್ಯಾರಾದ ಬಗ್ಗೆ. 1610ರಲ್ಲಿ ಸ್ಪೇನಿನವರು ಊರು ಕಟ್ಟಿದರಂತೆ, 1692ರಲ್ಲಿ ಒಂದು ಹನಿ ರಕ್ತ ಚೆಲ್ಲದೆ ಅದನ್ನು ಮರಳಿ ಪಡೆದರಂತೆ, ಅಲ್ಲಿಂದ ಮುಂದೆ ಊಟದ ವಿಷಯ. ಮರಳಿ ಪಡೆಯಬೇಕಾದರೆ ಮೊದಲು ಕಳೆದುಕೊಂಡಿರಬೇಕಲ್ಲವೇ? ಊರು ಯಾರ ಕೈಗೆ ಹೋಯಿತು, ಯಾಕೆ ಹೋಯಿತು, ಎಷ್ಟು ಕಾಲ ಅವರ ಕೈಯಲ್ಲಿತ್ತು ಎಂಬುದಕ್ಕೆ ಅರ್ಧ ಸಾಲೂ ಇಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು ನಾನು. ಉತ್ತರಪತ್ರಿಕೆಯಲ್ಲಿ ಹೀಗೆ ಹಾರಿಸಿ ಬರೆದರೆ ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. ಮಗಳ ಸಂಸಾರ ಈಗ ಈ ಊರಿನಲ್ಲಿದೆ, ವರ್ಷದಲ್ಲಿ ಬಹುಪಾಲು ನಾನೂ ಇಲ್ಲೇ ಇರುತ್ತೇನೆ. ಹಳೆಯ ಅಭ್ಯಾಸ ಬಿಡಲಿಲ್ಲ, ಅದಕ್ಕೆ ಈ ಪತ್ರ.

ಹಾರಿಸಿದ್ದು 1680ರಿಂದ 1692ರವರೆಗಿನ ಹನ್ನೆರಡು ವರ್ಷಗಳನ್ನು. ಆ ಕಾಲದಲ್ಲಿ ಸಾಂಟಾ ಫೆಯಲ್ಲಿ ಸ್ಪೇನಿನ ಆಡಳಿತ ಇರಲಿಲ್ಲ. ಊರು ಪ್ಯೂಬ್ಲೊ ಜನರ ಕೈಯಲ್ಲಿತ್ತು. ಪ್ಯೂಬ್ಲೊ ಎಂದರೆ ಒಂದೇ ಬುಡಕಟ್ಟಲ್ಲ. ರಿಯೊ ಗ್ರಾಂಡೆ ನದಿಯ ದಂಡೆಯಲ್ಲೂ ಅದರ ಆಚೀಚೆಯೂ ಮಣ್ಣಿನ ಮಹಡಿ ಮನೆ ಕಟ್ಟಿಕೊಂಡು ಮೆಕ್ಕೆಜೋಳ ಬೆಳೆಯುತ್ತಿದ್ದ, ಬೇರೆ ಬೇರೆ ಭಾಷೆಯ ಊರುಗಳು. ನ್ಯೂ ಮೆಕ್ಸಿಕೊದಲ್ಲಿ ಇವತ್ತಿಗೂ ಅಂಥ 19 ಊರುಗಳಿವೆ. ಸ್ಪೇನಿನವರು ಅವರಿಂದ ಜೋಳ, ಬಟ್ಟೆ, ಚರ್ಮದ ಕಪ್ಪ ವಸೂಲು ಮಾಡುತ್ತಿದ್ದರು, ಬಿಟ್ಟಿ ದುಡಿಸುತ್ತಿದ್ದರು. ಪಾದ್ರಿಗಳು ಅವರ ಕುಣಿತ ನಿಲ್ಲಿಸಿದರು, ಪೂಜೆಯ ಮುಖವಾಡಗಳನ್ನು ರಾಶಿ ಹಾಕಿ ಸುಟ್ಟರು. ಅದರ ಮೇಲೆ ಬರ, ರೋಗ. 1675ರಲ್ಲಿ ಮಾಟ ಮಾಡುತ್ತಾರೆಂಬ ಆರೋಪ ಹೊರಿಸಿ 47 ಜನರನ್ನು ಸಾಂಟಾ ಫೆಗೆ ಹಿಡಿದು ತಂದರು. ಕೆಲವರನ್ನು ಗಲ್ಲಿಗೆ ಹಾಕಿದರು, ಉಳಿದವರಿಗೆ ಚಾಟಿ ಏಟು. ಏಟು ತಿಂದು ಹೊರಬಂದವರಲ್ಲಿ ಓಹ್ಕೇ ಓವಿಂಗೇ ಊರಿನ ಪೊಪೇ ಒಬ್ಬ.

ಐದು ವರ್ಷ ಕಾದು ಆತ ಮಾಡಿದ್ದನ್ನು ನಾನಾಗಿದ್ದರೆ ಹತ್ತನೇ ತರಗತಿಗೆ ಪಾಠವಾಗಿ ಇಡುತ್ತಿದ್ದೆ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದ ಊರುಗಳಿಗೆಲ್ಲ ಓಟಗಾರರ ಕೈಯಲ್ಲಿ ಗಂಟು ಹಾಕಿದ ಹಗ್ಗ ಕಳಿಸಿದ. ದಿನಕ್ಕೊಂದು ಗಂಟು ಬಿಚ್ಚಬೇಕು. ಕೊನೆಯ ಗಂಟು ಬಿಚ್ಚಿದ ದಿನ ಎಲ್ಲರೂ ಒಟ್ಟಿಗೆ ಏಳಬೇಕು. ಕುದುರೆ ಇಲ್ಲ, ಲಿಪಿ ಇಲ್ಲ, ಬರಿ ಕಾಲು ಮತ್ತು ಹಗ್ಗ. ಟೆಸುಕೆ ಊರಿನ ಇಬ್ಬರು ಹುಡುಗರು, ಕ್ಯಾಟುವಾ ಮತ್ತು ಓಮ್ಟುವಾ, ಆಗಸ್ಟ್ 9ರಂದು ಸ್ಪೇನಿನವರ ಕೈಗೆ ಸಿಕ್ಕಿಬಿದ್ದರು. ಗುಟ್ಟು ರಟ್ಟಾಯಿತು. ಹಾಗಾಗಿ ಗೊತ್ತುಮಾಡಿದ ದಿನಕ್ಕೆ ಮೊದಲೇ, 1680ರ ಆಗಸ್ಟ್ 10ರಂದು, ಬಂಡಾಯ ಎದ್ದಿತು. ಸುಮಾರು 400 ಜನ ಸ್ಪೇನಿನವರು ಸತ್ತರು. ಅವರಲ್ಲಿ 21 ಮಂದಿ ಪಾದ್ರಿಗಳು. ಇದನ್ನೂ ಮುಚ್ಚಿಡಬೇಕಿಲ್ಲ. ಸತ್ತವರಲ್ಲಿ ಹೆಂಗಸರು ಮಕ್ಕಳು ಇದ್ದರು.

ಉಳಿದವರು ಸಾಂಟಾ ಫೆಯ ಗವರ್ನರನ ಮನೆಯೊಳಗೆ ಸೇರಿಕೊಂಡರು. ಗವರ್ನರ್ ಆಂಟೋನಿಯೊ ದೆ ಒಟೆರ್ಮಿನ್. ಮುತ್ತಿಗೆ ಹಾಕಿದವರ ಕಡೆಯಿಂದ ಒಬ್ಬ ಎರಡು ಶಿಲುಬೆ ಹಿಡಿದು ಮಾತುಕತೆಗೆ ಬಂದ. ಒಂದು ಬಿಳಿ, ಒಂದು ಕೆಂಪು. ಬಿಳಿಯದನ್ನು ಆರಿಸಿಕೊಂಡರೆ ಊರು ಬಿಟ್ಟು ಹೊರಡಿ, ಕೆಂಪಾದರೆ ಯುದ್ಧ. ಒಟೆರ್ಮಿನ್ ಒಪ್ಪಲಿಲ್ಲ. ಕಾಲುವೆ ಕಡಿದು ನೀರು ನಿಲ್ಲಿಸಿದರು. ಏಳು ಸಾವಿರ ಅಡಿ ಎತ್ತರದ ಊರು ಇದು, ಆಗಸ್ಟಿನ ಬಿಸಿಲು ನೆತ್ತಿಯನ್ನು ಕುಟ್ಟುತ್ತದೆ. ಒಳಗೆ ಸುಮಾರು ಸಾವಿರ ಜನ, ಜೊತೆಗೆ ದನಕರು. ಬಾಯಾರಿಕೆ ತಾಳದೆ ಸ್ಪೇನಿನವರು ಹೊರನುಗ್ಗಿ ಹೋರಾಡಿದರು, ಸೆರೆಸಿಕ್ಕ 47 ಜನರನ್ನು ಕೊಂದರು. ಮರುದಿನ, ಆಗಸ್ಟ್ 21ರಂದು, ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಎಲ್ ಪಾಸೊ ಕಡೆ ನಡೆದರು. ಪ್ಯೂಬ್ಲೊ ಜನ ಗುಡ್ಡದ ಮೇಲೆ ನಿಂತು ನೋಡಿದರೇ ಹೊರತು ಅಟ್ಟಿಸಿಕೊಂಡು ಹೋಗಲಿಲ್ಲ. ಅವರು ತೊಲಗಿದರೆ ಸಾಕಾಗಿತ್ತು.

ನಿಮ್ಮ ಲೇಖನದ ಮೊದಲ ಫೋಟೊದಲ್ಲಿರುವ ಉದ್ದನೆಯ ಕಟ್ಟಡ, ಪ್ಯಾಲೆಸ್ ಆಫ್ ದಿ ಗವರ್ನರ್ಸ್, ಅದೇ ಜಾಗ. ಈಗ ವಸ್ತುಸಂಗ್ರಹಾಲಯ. ಆ ಹನ್ನೆರಡು ವರ್ಷ ಅದು ಗವರ್ನರನ ಮನೆಯಾಗಿ ಉಳಿಯಲಿಲ್ಲ. ಪ್ಯೂಬ್ಲೊ ಜನ ದೊಡ್ಡ ಕೋಣೆಗಳ ನಡುವೆ ಗೋಡೆ ಎಬ್ಬಿಸಿ ಚಿಕ್ಕದು ಮಾಡಿಕೊಂಡರು, ಮಹಡಿ ಏರಿಸಿದರು, ಹೊರಗಿನವರು ಸುಲಭಕ್ಕೆ ನುಗ್ಗದ ಹಾಗೆ ಊರನ್ನೇ ಕೋಟೆ ಮಾಡಿದರು. 1970ರ ದಶಕದಲ್ಲಿ ಪ್ಯಾಲೆಸಿನ ನೆಲ ಅಗೆದಾಗ ಅವರು ತೋಡಿದ ಹಗೇವುಗಳು ಸಿಕ್ಕವು. ಆಳುವವನ ದರ್ಬಾರಿನ ನೆಲದೊಳಗೆ ಆಳಿಸಿಕೊಂಡವರ ಧಾನ್ಯದ ಗುಂಡಿ! ಲೇಖಕರು ಈ ಕಟ್ಟಡದ ಮುಂದೆ ಸೆಲ್ಫಿ ತೆಗೆದುಕೊಂಡಿದ್ದಾರೆ, ಒಳಗೆ ಹೋದ ಹಾಗೆ ಕಾಣುವುದಿಲ್ಲ. ಅಣುಬಾಂಬಿನ ವಿಜ್ಞಾನಿಗಳು 1943ರಲ್ಲಿ ಬಂದು ಹಾಜರಿ ಹಾಕುತ್ತಿದ್ದ 109 ಈಸ್ಟ್ ಪ್ಯಾಲೆಸ್ ಅವೆನ್ಯೂಗೆ ಮಾತ್ರ ಒಂದು ಇಡೀ ಪ್ಯಾರಾ ಸಿಕ್ಕಿದೆ.

ಇನ್ನು “ರಕ್ತಪಾತವಿಲ್ಲದ” ಮರಳುವಿಕೆ. 1692ರ ಸೆಪ್ಟೆಂಬರಿನಲ್ಲಿ ಸ್ಪೇನಿನವರ ಹೊಸ ಗವರ್ನರ್ ಡಿಯೇಗೊ ದೆ ವಾರ್ಗಾಸ್ ಸೈನ್ಯದೊಂದಿಗೆ ಬಂದು ಊರಿನ ಹೊರಗೆ ಬಿಡಾರ ಹೂಡಿದ, ಮಾತುಕತೆ ನಡೆಯಿತು, 14ನೇ ತಾರೀಕು ಸ್ಪೇನಿನ ದೊರೆಯ ಹೆಸರಿನಲ್ಲಿ ವಿಧಿ ನಡೆಸಿ ವಾಪಸು ಹೋದ. ಅಷ್ಟರ ಮಟ್ಟಿಗೆ ರಕ್ತ ಹರಿಯಲಿಲ್ಲ, ನಿಜ. ಆದರೆ ಅವನು ಸಂಸಾರಗಳನ್ನು ಕರೆದುಕೊಂಡು ನೆಲೆಸಲು ಬಂದದ್ದು ಮರುವರ್ಷ, 1693ರ ಡಿಸೆಂಬರಿನಲ್ಲಿ. ಆಗ ಊರಿನಲ್ಲಿದ್ದವರು ಜಾಗ ಬಿಡಲಿಲ್ಲ. ಬಿಡುವುದಾದರೂ ಯಾಕೆ, ಅವರ ಮನೆ ಅದು. ವಲಸೆ ಬಂದವರ ಕೂಸುಗಳು ಹೊರಗೆ ಹಿಮದಲ್ಲಿ ಸಾಯುತ್ತಿದ್ದವು. ಯುದ್ಧವಾಯಿತು. ಗೆದ್ದ ಮೇಲೆ ವಾರ್ಗಾಸ್ ಸುಮಾರು 70 ಜನರನ್ನು ಕೊಲ್ಲಿಸಿದ, ಸುಮಾರು 400 ಜನರನ್ನು ವಲಸಿಗರ ಮನೆಗಳಿಗೆ ಹತ್ತು ವರ್ಷದ ಜೀತಕ್ಕೆ ಹಂಚಿದ. 1692ನ್ನು ಹೇಳಿ 1693ನ್ನು ನುಂಗಿಬಿಟ್ಟರೆ ಅದಕ್ಕೆ ನಮ್ಮಲ್ಲಿ ತಿಪ್ಪೆ ಸಾರಿಸುವುದು ಎನ್ನುತ್ತಾರೆ.

ಲೇಖಕರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ, ಊರೇ ಬಹಳ ಕಾಲ ಹಾಗೆ ಸಾರಿಸಿಕೊಂಡು ಬಂದಿತ್ತು. ಇಲ್ಲಿನ ದೊಡ್ಡ ಜಾತ್ರೆ ಫಿಯೆಸ್ಟಾ. 1712ರಲ್ಲಿ ಗವರ್ನರ್ ಪೆನ್ಯೂಯೆಲಾನ ಕಾಲದಲ್ಲಿ ಹೊರಟ ಆಜ್ಞೆ, ವಾರ್ಗಾಸ್ ಮರಳಿದ ದಿನವನ್ನು ವರ್ಷ ವರ್ಷ ಪೂಜೆ, ಪ್ರವಚನ, ಮೆರವಣಿಗೆಯಿಂದ ಆಚರಿಸಬೇಕು ಎಂದು. ನಡುವೆ ಮಂಕಾಗಿದ್ದ ಈ ಹಬ್ಬವನ್ನು 1919ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಊರ ನಡುವಿನ ಪ್ಲಾಜಾದಲ್ಲಿ, ಅಂದರೆ ಪ್ಯಾಲೆಸಿನ ಎದುರಿನ ಚೌಕದಲ್ಲಿ, ಎಂತ್ರಾದಾ ಎಂಬ ರೂಪಕ ಆಡುತ್ತಿದ್ದರು. ಸ್ಥಳೀಯ ಸ್ಪ್ಯಾನಿಷ್ ಮನೆತನದ ಒಬ್ಬ ವಾರ್ಗಾಸನ ವೇಷ ಹಾಕಿ ಕುದುರೆ ಮೇಲೆ ಬರುವುದು, ಪ್ಯೂಬ್ಲೊ ಮುಖಂಡನ ಪಾತ್ರಧಾರಿ ಶರಣಾಗುವುದು. ಅದೇ ಜಾಗದಲ್ಲಿ ಅಜ್ಜ ಮುತ್ತಜ್ಜರನ್ನು ಕಳೆದುಕೊಂಡವರ ಮೊಮ್ಮಕ್ಕಳು ನಿಂತು ಇದನ್ನು ನೋಡಬೇಕಿತ್ತು. ವರ್ಷ ವರ್ಷ ಪ್ರತಿಭಟನೆ ಜೋರಾಯಿತು, 2017ರಲ್ಲಿ ಪೊಲೀಸರು ಕೆಲವರನ್ನು ಹಿಡಿದುಕೊಂಡೂ ಹೋದರು. 2018ರಲ್ಲಿ ಫಿಯೆಸ್ಟಾ ಮಂಡಳಿ, ಚರ್ಚು, ಪ್ಯೂಬ್ಲೊ ಗವರ್ನರುಗಳ ಮಂಡಳಿ, ನಗರಾಡಳಿತ ಎಲ್ಲರೂ ಕುಳಿತು ಮಾತಾಡಿ ಎಂತ್ರಾದಾವನ್ನು ಕೈಬಿಟ್ಟರು. ಫಿಯೆಸ್ಟಾ ನಿಂತಿಲ್ಲ. ಮಕ್ಕಳು ನಾಯಿ, ಕೋಳಿ, ಹಲ್ಲಿಯನ್ನೆಲ್ಲ ಸಿಂಗರಿಸಿಕೊಂಡು ಮೆರವಣಿಗೆ ಹೋಗುತ್ತವೆ, ಬ್ಯಾಂಡು ಬಾರಿಸುತ್ತದೆ, ಪೂಜೆ ನಡೆಯುತ್ತದೆ. ಶರಣಾಗತಿಯ ಆಟ ಮಾತ್ರ ಇಲ್ಲ.

ನಮ್ಮ ಬೀದಿಯ ತುದಿಯ ಮನೆಯಲ್ಲಿ ಸ್ಪ್ಯಾನಿಷ್ ಮೂಲದ ಒಬ್ಬರು ಅಜ್ಜಿ ಇದ್ದಾರೆ. ಸಂಜೆ ನಾನು ನಡೆಯಲು ಹೋಗುವಾಗ ಗೇಟಿನ ಬಳಿ ನಿಲ್ಲಿಸಿಕೊಳ್ಳುತ್ತಾರೆ. ಎಂತ್ರಾದಾ ನಿಂತದ್ದು ಅವರಿಗೆ ನೋವು. “ನಮ್ಮ ಮನೆತನದ ಗಂಡಸರು ಆ ಕುದುರೆ ಹತ್ತಿದ್ದರು. ನಾವೇನು ನಿನ್ನೆ ಮೊನ್ನೆ ಬಂದವರೇ? ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ನಾನು ಏಟು ತಿಂದವಳು, ಈಗ ಗೆದ್ದವರ ಕಡೆಯವಳು ಅಂತ ನನ್ನನ್ನೇ ಬೈಯುತ್ತಾರೆ” ಎಂದರು. ಅವರ ಮಾತಿನಲ್ಲಿ ಹುರುಳಿದೆ. 1821ರಲ್ಲಿ ಸ್ಪೇನ್ ಹೋಗಿ ಮೆಕ್ಸಿಕೊ ಬಂತು, 1846ರಲ್ಲಿ ಅಮೆರಿಕದ ಸೈನ್ಯ ಬಂದು ಬಾವುಟ ಬದಲಿಸಿತು; ಅಂದು ಗೆದ್ದವರೇ ಆಮೇಲೆ ಸೋತವರು. ಹಾಗಂತ 1693 ಅಳಿಸಿಹೋಗುವುದಿಲ್ಲ ಎಂದು ನಾನೂ ಅಂದೆ. ಅವರು ಒಪ್ಪಲಿಲ್ಲ. ಮಾರನೆಯ ದಿನ ಅವರ ಮೊಮ್ಮಗ ಒಂದು ಡಬ್ಬಿ ಬಿಸ್ಕೊಚೀಟೊ ತಂದುಕೊಟ್ಟ. ಸೋಂಪು, ದಾಲ್ಚಿನ್ನಿ ಹಾಕಿದ ಬಿಸ್ಕತ್ತು ಅದು, ರಾಜ್ಯದ ಅಧಿಕೃತ ತಿಂಡಿ. ಹಂದಿಯ ಕೊಬ್ಬಿನಲ್ಲಿ ಮಾಡುವುದರಿಂದ ನಾನು ತಿನ್ನಲಿಲ್ಲ, ಅಳಿಯ ಮುಗಿಸಿದ.

ಆ ಅಜ್ಜಿ ಬಹಳ ನಂಬುವ ದೇವಿ ಲಾ ಕೊಂಕಿಸ್ತಾದೋರಾ. ಮೂರಡಿಗೂ ಕಡಿಮೆ ಎತ್ತರದ ಮರದ ಮೇರಿ ಮಾತೆ. 1620ರ ದಶಕದಲ್ಲಿ ಬೆನಾವಿದೆಸ್ ಎಂಬ ಪಾದ್ರಿ ತಂದದ್ದು. 1680ರಲ್ಲಿ ಓಡಿಹೋಗುವವರು ಅವಳನ್ನು ಹೊತ್ತುಕೊಂಡು ಎಲ್ ಪಾಸೊಗೆ ಹೋದರು, 1693ರಲ್ಲಿ ಹೊತ್ತು ತಂದರು. ಅಂದರೆ ದೇವಿಯೂ ಆ ಹನ್ನೆರಡು ವರ್ಷ ಊರಲ್ಲಿರಲಿಲ್ಲ. ಬೇಸಿಗೆಯಲ್ಲಿ ಅವಳನ್ನು ಕ್ಯಾಥೆಡ್ರಲಿನಿಂದ ರೊಸಾರಿಯೊ ಚಾಪೆಲ್‌ಗೆ ಹೆಗಲ ಮೇಲೆ ಕರೆದೊಯ್ಯುತ್ತಾರೆ. ಅವಳಿಗೆ ಒಂದು ಬೀರು ತುಂಬ ಬಟ್ಟೆ, ಹಬ್ಬಕ್ಕೊಂದು ಉಡುಗೆ.

ಲೇಖನದಲ್ಲಿ ಪ್ಯಾಲೆಸಿನ ಪಡಸಾಲೆಯಲ್ಲಿ ಕುಳಿತು ಒಡವೆ ಮಾರುವವರನ್ನು “ಬೀದಿ ವ್ಯಾಪಾರಿಗಳು” ಎಂದು ಬರೆದು ಚೌಕಾಸಿ ಮಾಡಿ ಎಂಬ ಸಲಹೆಯನ್ನೂ ಕೊಡಲಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಕೂರಲು ಸಿಕ್ಕವರಿಗೆಲ್ಲ ಅವಕಾಶವಿಲ್ಲ. ವಸ್ತುಸಂಗ್ರಹಾಲಯವೇ ನಡೆಸುವ ವ್ಯವಸ್ಥೆ ಅದು: ಮೂಲನಿವಾಸಿಗಳಾಗಿರಬೇಕು, ಮಾರುವುದನ್ನು ತಾವೋ ತಮ್ಮ ಮನೆಯವರೋ ಕೈಯಾರೆ ಮಾಡಿರಬೇಕು, ಪ್ರತಿ ಸಾಮಾನಿನ ಮೇಲೆ ಮಾಡಿದವರ ಗುರುತು ಒತ್ತಿರಬೇಕು. ಬೆಳಿಗ್ಗೆ ಚೀಟಿ ಎತ್ತಿ ಜಾಗ ಹಂಚುತ್ತಾರೆ, ಚೀಟಿ ಬಾರದವರು ಮನೆಗೆ. ನಾನು ಸಾಂಟೊ ಡೊಮಿಂಗೊ ಎಂಬ ಪ್ಯೂಬ್ಲೊ ಊರಿನ ಒಬ್ಬ ಹೆಂಗಸಿನ ಹತ್ತಿರ ಮೊಮ್ಮಗಳಿಗೆ ಒಂದು ಸರ ತೆಗೆದುಕೊಂಡೆ. ಇಟ್ಟಿಗೆ ನೆಲದ ಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಸಾಲಾಗಿ ಸರಗಳು. ಚಿಪ್ಪನ್ನೂ ನೀಲಿ ಟರ್ಕ್ವಾಯ್ಸ್ ಕಲ್ಲನ್ನೂ ಸಾಸಿವೆಗಿಂತ ತುಸು ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ತೂತು ಕೊರೆದು, ದಾರಕ್ಕೆ ಪೋಣಿಸಿ, ಸರವನ್ನು ಇಡಿಯಾಗಿ ಕಲ್ಲಿನ ಮೇಲೆ ಉಜ್ಜಿ ನುಣ್ಣಗೆ ಮಾಡುತ್ತಾರಂತೆ. ಕೈಯಲ್ಲಿ ಹಿಡಿದರೆ ಮಣಿಗಳ ಸರ ಎನಿಸುವುದಿಲ್ಲ, ಹಾವಿನ ಮರಿಯಂತೆ ಜಾರುತ್ತದೆ. ಆಕೆಯ ಹೆಬ್ಬೆರಳಿನ ಚರ್ಮ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಬೆಲೆ ಕೇಳಿದೆ, ಹೇಳಿದರು, ಕೊಟ್ಟೆ. ಅವರ ಬೆನ್ನ ಹಿಂದಿನ ಗೋಡೆ ಯಾವುದು ಎಂದು ಗೊತ್ತಿದ್ದವರಿಗೆ ಅಲ್ಲಿ ನಿಂತು ಹತ್ತು ಡಾಲರ್ ಕಡಿಮೆ ಮಾಡಿ ಎನ್ನಲು ನಾಲಿಗೆ ಏಳುವುದಿಲ್ಲ.

ಇನ್ನೆರಡು ಸಣ್ಣ ವಿಷಯ. ಜೊಜೋಬ್ರಾ ದಹನವನ್ನು “ಪುರಾತನ ಆಚರಣೆ” ಎಂದಿದ್ದಾರೆ. ಸುಮಾರು 50 ಅಡಿ ಎತ್ತರದ, ಕೈಯಾಡಿಸಿ ನರಳುವ ಆ ಬೊಂಬೆಯನ್ನು 1924ರಲ್ಲಿ ವಿಲ್ ಶುಸ್ಟರ್ ಎಂಬ ಚಿತ್ರಕಲಾವಿದ ಮೊದಲು ಮಾಡಿದ್ದು, ಅದೂ ತನ್ನ ಹಿತ್ತಲಿನಲ್ಲಿ, ಗೆಳೆಯರ ಖುಷಿಗೆ. ಜನ ತಮ್ಮ ಚಿಂತೆಗಳನ್ನು ಚೀಟಿಯಲ್ಲಿ ಬರೆದು ಅದರ ಹೊಟ್ಟೆಗೆ ತುಂಬುತ್ತಾರೆ, ವಿಚ್ಛೇದನದ ಕಾಗದವೂ ಹೋಗುತ್ತದೆ. ನೂರು ವರ್ಷವಾಗಿದೆ, ನೋಡಲು ಮಜಾ ಇದೆ, ಪುರಾತನ ಅಲ್ಲ. ಎರಡನೆಯದು, ಮಣ್ಣಿನ ಮನೆಗಳೆಲ್ಲ ಶತಮಾನಗಳಷ್ಟು ಹಳೆಯವು ಎಂಬ ಮಾತು. 1880ರಲ್ಲಿ ರೈಲಿನ ಮುಖ್ಯ ಮಾರ್ಗ ಊರನ್ನು ಬಿಟ್ಟು ಲೇಮಿ ಮೂಲಕ ಹೋಯಿತು, ವ್ಯಾಪಾರ ಸೊರಗಿತು. ಪ್ರವಾಸಿಗರನ್ನಾದರೂ ಕರೆಯೋಣ ಎಂದು 1912ರಲ್ಲಿ ನಗರಕ್ಕೆ ಒಂದೇ ಶೈಲಿ ಗೊತ್ತುಮಾಡಿದರು, 1957ರಲ್ಲಿ ಅದನ್ನು ಕಾನೂನೇ ಮಾಡಿದರು. ಆದ್ದರಿಂದ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡವೂ ಮಣ್ಣಿನ ಬಣ್ಣದಲ್ಲಿದೆ. ಮಗಳ ಮನೆಯ ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ: ಒಳಗೆ ಮರದ ಚೌಕಟ್ಟು, ಮೇಲೆ ಬಣ್ಣದ ಸಿಮೆಂಟು. ಪ್ಯಾಲೆಸಿನ ಈಗಿನ ಪಡಸಾಲೆಯೂ 1913ರ ಹೊತ್ತಿಗೆ ಹೀಗೆ ಇದ್ದಿರಬೇಕು ಎಂದು ಕಟ್ಟಿದ್ದು.

ನಿಜವಾದ ಮಣ್ಣಿನ ಗೋಡೆ ನೋಡಬೇಕಾದವರು ಸ್ಯಾನ್ ಮಿಗೆಲ್ ಚಾಪೆಲ್‌ಗೆ ಹೋಗಲಿ. 1680ರ ಬಂಡಾಯದಲ್ಲಿ ಅದರ ಚಾವಣಿ ಸುಟ್ಟಿತ್ತು. ಮತ್ತೆ ಕಟ್ಟಿದ ವರ್ಷ ಒಳಗಿನ ತೊಲೆಯ ಮೇಲೆ ಕೆತ್ತಿದೆ, 1710. ಕಟ್ಟಿಸಿದವನ ಹೆಸರು ಅದೇ ಪೆನ್ಯೂಯೆಲಾ. ಇಪ್ಪತ್ತನೇ ಶತಮಾನದಲ್ಲಿ ಯಾರೋ ಜಾಣರು ಹೊರಗೋಡೆಗೆ ಸಿಮೆಂಟ್ ಬಳಿದರು. ಹಸಿ ಇಟ್ಟಿಗೆ ಉಸಿರಾಡಲಾಗದೆ ಒಳಗೊಳಗೇ ನೀರು ಕುಡಿದು ಸವೆಯತೊಡಗಿತು. ಈಚೆಗೆ ಸಿಮೆಂಟ್ ಕಿತ್ತು ಮಣ್ಣು, ಮರಳು, ಹುಲ್ಲು ಕಲಸಿದ ಗಿಲಾವು ಮಾಡಿದ್ದಾರೆ. ಹತ್ತಿರ ನಿಂತರೆ ಹುಲ್ಲಿನ ಎಳೆಗಳೂ ಅಂಗೈ ಎಳೆದ ಗೆರೆಗಳೂ ಕಾಣುತ್ತವೆ. ಮಳೆಗೆ ಕರಗುತ್ತದೆ, ಮತ್ತೆ ಬಳಿಯಬೇಕಾಗುತ್ತದೆ.

ಪ್ಲಾಜಾದ ನಡುವೆ 1868ರ ಒಂದು ಕಲ್ಲಿನ ಸ್ತಂಭವಿತ್ತು. ಅಮೆರಿಕದ ಅಂತರ್ಯುದ್ಧದಲ್ಲೂ “ಇಂಡಿಯನ್ನ”ರೊಂದಿಗೂ, ಅಂದರೆ ಮೂಲನಿವಾಸಿಗಳೊಂದಿಗೂ, ಕಾದಾಡಿ ಸತ್ತ ಸೈನಿಕರ ಸ್ಮಾರಕ, ಬರಹದಲ್ಲಿ ಇಂಡಿಯನ್ನರಿಗೆ “ಅನಾಗರಿಕ” ಎಂಬ ವಿಶೇಷಣ. 1974ರಲ್ಲಿ ಒಬ್ಬ ಹಾಡುಹಗಲೇ ಬಂದು ಉಳಿ ಸುತ್ತಿಗೆಯಿಂದ ಆ ಪದವೊಂದನ್ನೇ ಕೆತ್ತಿ ತೆಗೆದು ಹೋದ. 2020ರ ಅಕ್ಟೋಬರ್ 12ರಂದು ಜನ ಹಗ್ಗ ಕಟ್ಟಿ ಸ್ತಂಭವನ್ನೇ ಉರುಳಿಸಿದರು. ಉಳಿದ ಪೀಠಕ್ಕೆ ಹಲಗೆಯ ಪೆಟ್ಟಿಗೆ ಹೊದಿಸಿದ್ದನ್ನು ನಾನು ನೋಡಿದ್ದೇನೆ. ಉರುಳಿಸಿದ್ದು ಸರಿಯೋ ತಪ್ಪೋ ಎಂದು ಊರಿನಲ್ಲಿ ಇನ್ನೂ ಜಗಳವಿದೆ. ನನ್ನ ಮಟ್ಟಿಗೆ ಉಳಿ ಸುತ್ತಿಗೆಯವನ ಕೆಲಸ ಹೆಚ್ಚು ಅಚ್ಚುಕಟ್ಟು.

ಹನ್ನೆರಡು ವರ್ಷಕ್ಕೇ ಯಾಕೆ ಇಷ್ಟು ಜೋತುಬಿದ್ದಿದ್ದೇನೆ ಎಂದು ಕೇಳಬಹುದು, ಕೊನೆಗೆ ಸ್ಪೇನಿನವರು ವಾಪಸು ಬಂದರಲ್ಲ ಎಂದು. ಬಂದರು. ಆದರೆ ಆ ಹಳೆಯ ಕಪ್ಪದ ಪದ್ಧತಿ ಮತ್ತೆ ತಲೆ ಎತ್ತಲಿಲ್ಲ, ಪಾದ್ರಿಗಳೂ ಕುಣಿತದ ಮನೆಗಳ ತಂಟೆಗೆ ಮೊದಲಿನಷ್ಟು ಹೋಗಲಿಲ್ಲ. ಆಗಸ್ಟ್ 4ರಂದು ಸಾಂಟೊ ಡೊಮಿಂಗೊದ ಹಬ್ಬಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಚರ್ಚಿನಲ್ಲಿ ಸಂತನಿಗೆ ಪೂಜೆ, ಸಂತನನ್ನು ಹೊತ್ತು ತಂದು ಹಸಿರು ಚಪ್ಪರದಲ್ಲಿ ಕೂರಿಸುತ್ತಾರೆ, ಆಮೇಲೆ ಅವನ ಎದುರಿಗೇ ಜೋಳದ ಕುಣಿತ. ನೂರಾರು ಜನ, ಗಂಡಸರ ಕೈಯಲ್ಲಿ ಸೋರೆ ಬುರುಡೆಯ ಗಿಲಕಿ, ಹೆಂಗಸರ ತಲೆಯ ಮೇಲೆ ಬಣ್ಣದ ಹಲಗೆಯ ಕಿರೀಟ, ಮುದುಕಿಯರಿಂದ ಹಿಡಿದು ಈಗಷ್ಟೇ ನಡೆಯಲು ಕಲಿತ ಕೂಸಿನವರೆಗೆ ಒಂದೇ ಹೆಜ್ಜೆ. ಫೋಟೊ ತೆಗೆಯುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಯಾಕೆಂದರೆ ಅದು ಪ್ರದರ್ಶನವಲ್ಲ. ಮಳೆಗಾಗಿ, ಬೆಳೆಗಾಗಿ ಪ್ರಾರ್ಥನೆ. ಗುರುತು ಪರಿಚಯವಿಲ್ಲದ ಮನೆಯವರು ನನ್ನನ್ನೂ ಮಗಳನ್ನೂ ಒಳಗೆ ಕರೆದು ಊಟಕ್ಕೆ ಕೂರಿಸಿದರು. ಮಾಂಸ ತಿನ್ನುವುದಿಲ್ಲ ಎಂದಾಗ ಮನೆಯಾಕೆ ಮರುಮಾತಿಲ್ಲದೆ ಗೂಡೊಲೆಯಲ್ಲಿ ಬೇಯಿಸಿದ ಬ್ರೆಡ್ಡು, ಜೋಳ, ಕಲ್ಲಂಗಡಿ ತಂದಿಟ್ಟರು.

ಪೊಪೇಯ ಚಿತ್ರ ಯಾರೂ ಬರೆದಿಟ್ಟಿಲ್ಲ, ಅವನ ಮುಖ ಹೇಗಿತ್ತೆಂದು ಗೊತ್ತಾಗುವ ದಾರಿಯಿಲ್ಲ. ಆದರೂ 2005ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯ ತನ್ನ ಪರವಾಗಿ ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಕಳಿಸಿದ ಅಮೃತಶಿಲೆಯ ಪ್ರತಿಮೆ ಅವನದೇ. ಕೆತ್ತಿದವರು ಹೆಮೆಸ್ ಪ್ಯೂಬ್ಲೊದ ಕ್ಲಿಫ್ ಫ್ರಾಗುವಾ. ಕೈಯಲ್ಲಿ ಗಂಟಿನ ಹಗ್ಗ, ಬೆನ್ನಿನ ಮೇಲೆ ಚಾಟಿ ಏಟಿನ ಬಾಸುಂಡೆ. ಅಮೆರಿಕ ಸರ್ಕಾರವೇ ತನ್ನ ಭವನದಲ್ಲಿ ಜಾಗ ಕೊಟ್ಟಿರುವವನಿಗೆ ನಿಮ್ಮ ಪುರವಣಿಯಲ್ಲಿ ಒಂದು ಸಾಲು ಸಿಗಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಪತ್ರ ಉದ್ದವಾಯಿತು, ನಿಮ್ಮ ಜಾಗದ ಕಷ್ಟ ನನಗೆ ಗೊತ್ತು. ಕತ್ತರಿ ಆಡಿಸಲೇಬೇಕೆಂದರೆ ಬೊಂಬೆಗೂ ಬಿಸ್ಕತ್ತಿಗೂ ಆಡಿಸಿ. 1693ಕ್ಕೆ ಬೇಡ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಸಾಂಟಾ ಫೆ, ನ್ಯೂ ಮೆಕ್ಸಿಕೊ